ಹೊಸ ಭಾಷೆ: ಮೊದಲು ಕಿವಿ, ಆಮೇಲೆ ನಾಲಿಗೆ

ಹೊಸ ಭಾಷೆ ಕಲಿಯಲು ಕೂತವರು ಸಾಮಾನ್ಯವಾಗಿ ಪದಪಟ್ಟಿ, ಕ್ರಿಯಾಪದದ ಕೋಷ್ಟಕ ಹಿಡಿದು ಶುರುಮಾಡುತ್ತಾರೆ. ಕೆಲವು ತಿಂಗಳಲ್ಲಿ ಓದಿದ್ದು ಅರ್ಥವಾಗುತ್ತದೆ, ಆಡಿದ್ದು ಮಾತ್ರ ಎದುರಿನವರಿಗೆ ತಿಳಿಯುವುದಿಲ್ಲ. ಬೈಯುವುದು ನಾಲಿಗೆಯನ್ನು, ತಪ್ಪು ಬಹುಪಾಲು ಕಿವಿಯದು.

ತಾಯ್ನುಡಿಗೆ ಬೇಡದ ವ್ಯತ್ಯಾಸಗಳನ್ನು ಕಿವಿ ಎಳವೆಯಲ್ಲೇ ಕೈಬಿಡುತ್ತದೆ. ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇದನ್ನು ತೋರಿಸಿದರು: ಇಂಗ್ಲಿಷ್ ಮಾತಾಡುವ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ತ-ಟ ಭೇದವನ್ನು ಹಿಡಿಯುತ್ತವೆ, ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವು ಹಿಡಿಯಲಾರವು. ನಮಗೆ ಅವೆರಡೂ ಬೇರೆಯೆಂಬುದರಲ್ಲಿ ಅನುಮಾನವೇ ಇಲ್ಲ. ಆದರೆ ಇಂಗ್ಲಿಷಿನ ವಿ ಮತ್ತು ಡಬ್ಲ್ಯು ನಮ್ಮ ಕಿವಿಗೆ ಒಂದೇ ‘ವ’.

ದೊಡ್ಡವರಾದ ಮೇಲೂ ಇದನ್ನು ತಿದ್ದಬಹುದು. ಒಂದೇ ಧ್ವನಿಯಲ್ಲಷ್ಟೇ ಬೇರೆಯಾಗುವ ಪದಜೋಡಿಗಳನ್ನು ಆರಿಸಿ, ಕನಿಷ್ಠ ನಾಲ್ಕೈದು ಬೇರೆ ಬೇರೆ ಜನರ ದನಿಯಲ್ಲಿ ಕೇಳಿ. ಕೇಳಿದ್ದು ಯಾವುದೆಂದು ಊಹಿಸಿ, ಆ ಕ್ಷಣವೇ ಉತ್ತರ ನೋಡಿ. ದಿನಕ್ಕೆ ಹತ್ತು ನಿಮಿಷ ಸಾಕು. ಒಬ್ಬರದೇ ದನಿ ಕೇಳಿದರೆ ಆ ವ್ಯಕ್ತಿಯ ದನಿ ಕಲಿಯುತ್ತೀರಿ, ಭಾಷೆಯ ಧ್ವನಿಯನ್ನಲ್ಲ.

ಬಾಯಿಯ ಕೆಲಸ ಆಮೇಲೆ. ವಿ ಎನ್ನಲು ಮೇಲ್ದಂತ ಕೆಳತುಟಿಗೆ ತಾಗಬೇಕು. ಡಬ್ಲ್ಯುಗೆ ತುಟಿ ದುಂಡಗಾಗಬೇಕು, ಹಲ್ಲು ತಾಗಕೂಡದು. ಇಂಗ್ಲಿಷಿನ ಟಿ ನಮ್ಮ ತ-ಟಗಳ ನಡುವಿನದು: ನಾಲಿಗೆಯ ತುದಿ ಮೇಲ್ದಂತಗಳ ಹಿಂದಿನ ವಸಡಿನ ಉಬ್ಬಿಗೆ ತಾಗುತ್ತದೆ, ಹಿಂದಕ್ಕೆ ಮಡಚುವುದಿಲ್ಲ. ಪದದ ಮೊದಲಲ್ಲಿ ಬರುವ ಪಿ, ಟಿ, ಕೆಗಳ ಬೆನ್ನಿಗೆ ಉಸಿರೂ ಹೊರಡುತ್ತದೆ. ಪರೀಕ್ಷೆ ಸುಲಭ: ತೆಳು ಕಾಗದದ ಚೂರನ್ನು ತುಟಿಯಿಂದ ಎರಡು ಬೆರಳು ದೂರ ಹಿಡಿದು ‘ಪಿನ್’ ಎಂದರೆ ಅದು ಅಲುಗಬೇಕು, ‘ಸ್ಪಿನ್’ ಎಂದಾಗ ಹೆಚ್ಚುಕಡಿಮೆ ಸುಮ್ಮನಿರಬೇಕು. ಇವಲ್ಲದೆ ಕನ್ನಡದ ಬಾಯಿಗೆ ಇನ್ನೆರಡು ಹಟಗಳಿವೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ‘ಉ’ ಅಂಟಿಸುವುದು ಒಂದು, ‘ಬಸ್ಸು’ ‘ಕಾರು’ಗಳ ಹಾಗೆ. ಪದದ ಮೊದಲ ಎ, ಒಗಳನ್ನು ಯೆ, ವೊ ಮಾಡುವುದು ಇನ್ನೊಂದು. ಯಾವ ಭಾಷೆ ಕಲಿತರೂ ಇವು ಹಿಂದೆಯೇ ಬರುತ್ತವೆ.

ಚೀನಾದ ಮ್ಯಾಂಡರಿನ್‌ನಲ್ಲಿ ತೊಡಕು ಬೇರೆ. ಅಲ್ಲಿನ ನಾಲ್ಕು ಟೋನ್‌ಗಳನ್ನು, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳನ್ನು, ಬಿಡಿಬಿಡಿಯಾಗಿ ಉರುಹೊಡೆದವರು ವಾಕ್ಯದಲ್ಲಿ ಮುಗ್ಗರಿಸುತ್ತಾರೆ. ಇಳಿದು ಏರುತ್ತದೆಂದು ಕಲಿಸುವ ಮೂರನೆಯ ಟೋನ್, ಓಡುವ ಮಾತಿನಲ್ಲಿ ಸಾಮಾನ್ಯವಾಗಿ ತಗ್ಗಿನಲ್ಲೇ ಉಳಿಯುತ್ತದೆ. ಮೂರನೆಯ ಟೋನ್ ಎರಡು ಸಲ ಒಟ್ಟಿಗೆ ಬಂದರೆ ಮೊದಲಿನದು ಎರಡನೆಯ ಟೋನ್ ಆಗುತ್ತದೆ. ‘ನಿ ಹಾವ್’ ಎಂಬ ಅವರ ನಮಸ್ಕಾರದಲ್ಲೇ ಇದಿದೆ. ಹಾಗಾಗಿ ಜೋಡಿಯಾಗಿಯೇ ಅಭ್ಯಾಸ ಮಾಡಿ: ಒಟ್ಟು 16 ಜೋಡಿ, ಈ ನಿಯಮದಿಂದಾಗಿ ಕಿವಿಗೆ ಬೀಳುವುದು 15. ಪ್ರಶ್ನೆ ಕೇಳುವಾಗ ಕೊನೆಯಲ್ಲಿ ದನಿ ಏರಿಸುವ ಚಾಳಿಯನ್ನೂ ಬಿಡಬೇಕು. ಬೀಳಬೇಕಾದ ನಾಲ್ಕನೆಯ ಟೋನ್ ಏರಿಬಿಟ್ಟರೆ ಅದು ಬೇರೆಯೇ ಪದ.

ಧ್ವನಿಗಳು ಹಿಡಿತಕ್ಕೆ ಬಂದ ಮೇಲೆ ವಾಕ್ಯ. ಎರಡರಿಂದ ನಾಲ್ಕು ಸೆಕೆಂಡಿನ ಒಂದು ತುಣುಕು ಆರಿಸಿ. ಉದ್ದವಾದರೆ ನೆನಪಿನಲ್ಲಿ ನಿಲ್ಲದೆ ಊಹೆ ಬೆರೆಯುತ್ತದೆ. ಐದು ಸಲ ಬಾಯಿ ತೆರೆಯದೆ ಕೇಳಿ. ಆಮೇಲೆ ಪದ ಬಿಟ್ಟು ರಾಗವನ್ನಷ್ಟೇ ಗುನುಗಿ. ಮೂರನೆಯದಾಗಿ ರೆಕಾರ್ಡಿಂಗ್ ಜೊತೆಜೊತೆಗೇ ಹೇಳಿ. ಕಷ್ಟವೆನಿಸಿದರೆ ವೇಗವನ್ನು 0.75ಕ್ಕೆ ಇಳಿಸಬಹುದು. ಅದಕ್ಕಿಂತ ತೀರ ಕೆಳಗಿಳಿಸಿದರೆ ಪದಗಳು ಒಂದಕ್ಕೊಂದು ಕೂಡಿಕೊಳ್ಳುವ ಸಹಜ ಲಯವೇ ಕೆಡುತ್ತದೆ. ಕೊನೆಗೆ ನಿಮ್ಮದನ್ನು ರೆಕಾರ್ಡ್ ಮಾಡಿ, ಅವರದು-ನಿಮ್ಮದು ಒಂದಾದ ಮೇಲೊಂದು ಕೇಳಿ. ಈ ಕೊನೆಯ ಹೆಜ್ಜೆಯನ್ನೇ ಎಲ್ಲರೂ ತಪ್ಪಿಸುವುದು. ತಮ್ಮ ದನಿ ತಮಗೇ ಹಿಡಿಸುವುದಿಲ್ಲ ಅಷ್ಟೇ.

ಈ ಹಂತದಲ್ಲಿ ಪಠ್ಯ ನೋಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಣ್ಣು ಮೊದಲು ಓದಿಬಿಟ್ಟರೆ ಕಿವಿ ಕೆಲಸ ನಿಲ್ಲಿಸುತ್ತದೆ. ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದಿಡುವುದೂ ಹಾಗೆಯೇ ಅಪಾಯ. ಜಪಾನಿ ಭಾಷೆಗೆ ಮಾತ್ರ ಅದು ಸಾಕಷ್ಟು ಹೊಂದುತ್ತದೆ: ಅಲ್ಲಿ ‘ಕಿತೆ’ ಅಂದರೆ ಬಾ, ‘ಕಿತ್ತೆ’ ಅಂದರೆ ಅಂಚೆಚೀಟಿ. ಹ್ರಸ್ವ-ದೀರ್ಘ, ಒತ್ತಕ್ಷರಗಳಲ್ಲಿ ಇತರರು ತಿಣುಕುವಲ್ಲಿ ಕನ್ನಡಿಗರು ಸಲೀಸಾಗಿ ದಾಟುತ್ತಾರೆ. ಕ್ರಿಯಾಪದ ಕೊನೆಗೆ ಬರುವುದೂ ನಮ್ಮಂತೆಯೇ. ಕೊರಿಯನ್, ಟರ್ಕಿಶ್‌ಗಳಲ್ಲೂ ವಾಕ್ಯದ ಕ್ರಮ ಇದೇ ಆದ್ದರಿಂದ ಅಲ್ಲಿ ಉಳಿಯುವ ಸಮಯವನ್ನೆಲ್ಲ ಉಚ್ಚಾರಕ್ಕೆ ಹಾಕಿ.