ಕುಳಿತು ನೋಡಿ ಕೊಂಡ ಸೈಕಲ್

18 ವರ್ಷಗಳ ನಂತರ ಮತ್ತೆ ಸೈಕಲ್ ತುಳಿಯಬೇಕೆಂಬ ಆಸೆ ಹುಟ್ಟಿ ಅಂಗಡಿಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಒಂದು ತಿಳಿಹಸಿರು ಸೈಕಲ್. ತೆಳ್ಳನೆಯ ಟಯರು, 21 ಗೇರು. ‘ಲೇಡೀಸ್ ಮಾಡೆಲ್ಲೇ ಮೇಡಂ’ ಎಂದರು ಅಂಗಡಿಯವರು. ಒಂದು ಸುತ್ತು ಹೋಗಿ ಬಂದೆ. ಹ್ಯಾಂಡಲ್ ದೂರವಿದ್ದುದರಿಂದ ಮೈಯೆಲ್ಲ ಮುಂದಕ್ಕೆ ಬಾಗಿ, ಭಾರ ಮುಂಗೈಗಳ ಮೇಲೆ ಬಿದ್ದಿತ್ತು. ಬ್ರೇಕ್ ಹಿಡಿಯಲು ಹೋದರೆ ಬೆರಳ ತುದಿಗಳಷ್ಟೇ ತಾಗಿದವು. ಜನ ಓಡಾಡುವ ಬೀದಿಯಲ್ಲಿ ಹಾಗೆ ಹೋಗುವುದನ್ನು ನೆನೆದೇ ಎದೆ ನಡುಗಿತು.

ಅಂಗಡಿಯ ಹಿಂಬದಿಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಮೆಕ್ಯಾನಿಕ್ ಅದನ್ನು ಗಮನಿಸಿದ್ದರು. ‘ಹೆಸರು ನೋಡಬೇಡಿ ಅಮ್ಮ, ಕುಳಿತು ನೋಡಿ’ ಎಂದು ಯಾರೋ ಬಳಸಿ ಮಾರಿದ್ದ ಬೂದು ಬಣ್ಣದ ಸೈಕಲೊಂದನ್ನು ಹೊರಗೆ ತಂದರು. ನಡುವಿನ ಕಂಬಿ ಬಾಗಿ ಕೆಳಕ್ಕೆ ಇಳಿದಿತ್ತು. ಹಿಂದೆ ಉದ್ದ ಲಂಗ ಉಡುತ್ತಿದ್ದ ಹೆಂಗಸರಿಗೆಂದು ಬಂದ ವಿನ್ಯಾಸ ಅದು. ಆದರೆ ಕ್ಯಾರಿಯರ್ ಮೇಲೆ ಚೀಲ ಏರಿಸಿದಾಗ ಕಾಲನ್ನು ಹಿಂದಿನಿಂದ ಎತ್ತಿ ಹಾಕುವುದು ಯಾರಿಗೂ ಕಷ್ಟವೇ. ಆಗ ಈ ತಗ್ಗು ಕಂಬಿಯ ಬೆಲೆ ಗೊತ್ತಾಗುತ್ತದೆ.

ಅವರು ಪೆಡಲನ್ನು ತೀರಾ ಕೆಳಕ್ಕೆ ತಿರುಗಿಸಿ, ಅದರ ಮೇಲೆ ಹಿಮ್ಮಡಿ ಇಡಲು ಹೇಳಿದರು. ಕಾಲು ನೆಟ್ಟಗಾಗುವವರೆಗೆ ಸೀಟು ಏರಿಸಿದರು. ತುಳಿಯುವಾಗ ಪೆಡಲ್ ಮೇಲಿರುವುದು ಪಾದದ ಮುಂಭಾಗ. ಆಗ ಮೊಣಕಾಲು ಸ್ವಲ್ಪವೇ ಬಾಗುತ್ತದೆ, ನೋವು ಬರುವುದಿಲ್ಲ. ಚಿಕ್ಕಂದಿನಿಂದ ನಾನು ಸೀಟನ್ನು ತಗ್ಗಿಸಿಯೇ ತುಳಿದವಳು. ಮೊಣಕಾಲು ನೋಯುತ್ತಿದ್ದುದು ಏಕೆಂದು ಅಂದು ತಿಳಿಯಿತು. ಆಮೇಲೆ ಬ್ರೇಕಿನ ಹಿಡಿಯ ಬಳಿಯಿದ್ದ ಪುಟ್ಟ ತಿರುಪನ್ನು ಎರಡು ಸುತ್ತು ತಿರುಗಿಸಿದರು. ಹಿಡಿ ಕೈಯ ಹತ್ತಿರಕ್ಕೆ ಬಂತು. ಎರಡು ಬೆರಳಿನಲ್ಲಿ ಒತ್ತಿದರೂ ಗಾಲಿ ಗಕ್ಕನೆ ನಿಂತಿತು!

ಸೀಟಿನ ವಿಷಯದಲ್ಲಿ ನನಗೆ ತಪ್ಪು ತಿಳಿವಳಿಕೆಯಿತ್ತು. ಮೆತ್ತಗಿದ್ದಷ್ಟೂ ಸುಖ ಎಂದುಕೊಂಡಿದ್ದೆ. ನೆಟ್ಟಗೆ ಕುಳಿತಾಗ ಭಾರ ಬೀಳುವುದು ನಮ್ಮ ಪೃಷ್ಠದ ಕೆಳಗಿನ ಎರಡು ಮೂಳೆಗಳ ಮೇಲೆ. ಹೆಂಗಸರಲ್ಲಿ ಅವುಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದ ಸೀಟಿನ ಹಿಂಭಾಗ ಅಗಲವಾಗಿರಬೇಕು. ಅತಿ ಮೆತ್ತಗಿದ್ದರೆ ಮೂಳೆಗಳು ಹೂತುಹೋಗಿ ನಡುವಿನ ಭಾಗ ಒತ್ತಿ ಜೋಮು ಹಿಡಿಯುತ್ತದೆ. ಬೂದು ಸೈಕಲಿನ ಸೀಟು ಅಗಲವಾಗಿ, ಕೊಂಚ ಗಟ್ಟಿಯಾಗಿಯೇ ಇತ್ತು.

ಗೇರು ಮೂರೇ. ಪೇಟೆಗೆ ಹೋಗಿಬರಲು ಅಷ್ಟು ಧಾರಾಳ. ಅವು ಹಿಂದಿನ ಗಾಲಿಯ ನಟ್ಟನಡುವಿನ ಗುಂಬದೊಳಗೇ (ಹಬ್) ಇರುವುದರಿಂದ ಸಿಗ್ನಲ್‌ನಲ್ಲಿ ನಿಂತಾಗಲೂ ಬದಲಿಸಬಹುದು. ಮಡ್‌ಗಾರ್ಡ್, ಚೈನ್ ಕವರ್, ಸ್ಟ್ಯಾಂಡ್ ಎಲ್ಲವೂ ಇದ್ದವು. ಹೊಸದಕ್ಕೆ ಇವನ್ನೆಲ್ಲ ಬೇರೆಯಾಗಿ ಕೊಂಡು ಹಾಕಿಸಿದ್ದರೆ ಖರ್ಚು ಎಷ್ಟೋ ಏರುತ್ತಿತ್ತು. ಗಾಲಿಗಳನ್ನು ಎತ್ತಿ ತಿರುಗಿಸಿ ರಿಮ್ ಓಲಾಡುವುದಿಲ್ಲವೆಂದು ಖಚಿತ ಮಾಡಿಕೊಂಡೆ. ಟಯರು ಮಾತ್ರ ಸವೆದಿತ್ತು. 40 ಮಿ.ಮೀ. ಅಗಲದ ಹೊಸ ಜೋಡಿ ಹಾಕಿಸಿದೆ. ಗುಂಡಿಗಳ ಏಟು ಅರ್ಧಕ್ಕರ್ಧ ಅವೇ ನುಂಗುತ್ತವೆ. ಎಲ್ಲ ಸೇರಿಯೂ ತಿಳಿಹಸಿರು ಸೈಕಲಿನ ಅರ್ಧ ಬೆಲೆಯೂ ಆಗಲಿಲ್ಲ.

ಮನೆಗೆ ಬರುವಾಗ ಬೆನ್ನು ನೆಟ್ಟಗಿತ್ತು, ಕಣ್ಣು ರಸ್ತೆಯ ಮೇಲಿತ್ತು. ಮೂರನೆಯ ದಿನ ಸೀಟನ್ನು ಇನ್ನೊಂದು ಬೆರಳಿನಷ್ಟು ಏರಿಸಿ, ನಾನೇ ಬೋಲ್ಟು ಬಿಗಿದೆ. ಮಗಳು ಇಳಿಸಿಕೊಂಡು ಹೋದರೂ ಅಳತೆ ತಪ್ಪದಿರಲಿ ಎಂದು ಸೀಟಿನ ಕಂಬಕ್ಕೆ ಉಗುರುಬಣ್ಣದಲ್ಲಿ ಒಂದು ಕೆಂಪು ಗೆರೆ ಎಳೆದಿದ್ದೇನೆ.