ಸುಣ್ಣಕ್ಕೆ ತುತ್ತ, ತುತ್ತಕ್ಕೆ ಸುಣ್ಣ

ಸೋಮವಾರ ರಾತ್ರಿಯಿಂದ ಒಂದು ಹುಡುಗಿಯ ಮಾತು ತಲೆಯಿಂದ ಹೋಗುತ್ತಿಲ್ಲ.

"ಬರೀರಿ ಅಂತ ಯಾರೂ ಹೇಳಿಲ್ಲ ಅಕ್ಕಾ. ಸಾಫ್ಟ್‌ವೇರ್ ಪಾಸ್ ಆಗೋ ಹಾಗೆ ಮಾಡಿಕೊಡಿ ಅಂದ್ರು. ಮಾಡಿಕೊಟ್ಟೆ."

ಕೇಳಿದ ಸಾಮಾನನ್ನು ಕಟ್ಟಿಕೊಟ್ಟ ಅಂಗಡಿಯವರು ಹೇಳುತ್ತಾರಲ್ಲ, ಅಷ್ಟು ಶಾಂತವಾಗಿ ಹೇಳಿದಳು. ಬೈಯಬೇಕು ಅಂತಲೇ ಫೋನ್ ಮಾಡಿದ್ದೆ. ಅದಾದ ಮೇಲೆ ಏನು ಹೇಳಬೇಕು ಅಂತಲೇ ತೋಚಲಿಲ್ಲ.

ಬೆಂಗಳೂರಿನ ಒಂದು ಕಂಪನಿ ರೈತರಿಗಾಗಿ ಆಪ್ ಮಾಡುತ್ತಿದೆ. ಅದಕ್ಕೆ ಬೇಕಾದ ಕನ್ನಡ ಲೇಖನಗಳನ್ನು ಶಿವಮೊಗ್ಗದ ನಮ್ಮ ಮನೆಯಿಂದಲೇ ಮಾಡಿಸಿ ಕೊಡುತ್ತೇನೆ. ಪದಕ್ಕೆ 70 ಪೈಸೆ. ಎಲ್ಲವನ್ನೂ ನಾನೇ ಬರೆಯಲು ಆಗುವುದಿಲ್ಲ. ಹಾಗಾಗಿ ನಾಲ್ಕೈದು ಮಂದಿಗೆ 40 ಪೈಸೆಯಂತೆ ಹಂಚುತ್ತೇನೆ. ಉಳಿದ 30 ಪೈಸೆ ನನ್ನ ತಿದ್ದುವ ಕೆಲಸಕ್ಕೆ, ಕದ್ದ ಬರಹವೇ ಅಂತ ನೋಡುವ ಕೆಲಸಕ್ಕೆ. ನೋಡುವುದು ಅಂದರೆ ಇಷ್ಟೇ: ಲೇಖನವನ್ನು ಒಂದು ಸಾಫ್ಟ್‌ವೇರ್‌ಗೆ ಹಾಕುವುದು, ಹಸಿರು ಬಣ್ಣ ಬಂದರೆ ಮುಂದಕ್ಕೆ ಕಳಿಸುವುದು. ಬೇರೆ ಕಡೆ ಇರುವ ಬರಹದ ಜೊತೆ ಹೋಲಿಕೆ ಶೇ. 10 ದಾಟಬಾರದು ಅನ್ನುವುದು ಕಂಪನಿಯ ಷರತ್ತು.

ಸೋಮವಾರ ಬಂದ ಲೇಖನ ಅಡಿಕೆಯ ಕೊಳೆ ರೋಗದ ಬಗ್ಗೆ, ಅಂದರೆ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ. 1200 ಪದ. ಸಾಫ್ಟ್‌ವೇರ್ ಶೇ. 3 ಅಂದಿತು. ಹಸಿರು. ಬೇರೆ ಯಾವ ಬೆಳೆಯದ್ದಾಗಿದ್ದರೂ ಹಾಗೇ ಕಳಿಸಿಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಸಾಗರದ ಕಡೆಯ ಅಡಿಕೆ ಮನೆಯವಳು. ಮೇ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ಬೋರ್ಡೋ ಬಿಟ್ಟು ಬೇರೆ ಮಾತಿಲ್ಲ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಸೇರಿಸಿ ಮಾಡುವ ಔಷಧಿ ಅದು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಕ್ಕಿದನಾ, ಮೈಲುತುತ್ತಕ್ಕೆ ಈ ವರ್ಷ ಎಷ್ಟಾಯಿತು, ಸುಣ್ಣ ಒಳ್ಳೆಯದು ಬಂತಾ, ಮಳೆ ಹಿಡಿಯುವ ಮೊದಲು ಒಂದು ಸುತ್ತು ಮುಗಿಯುತ್ತದಾ. ಹಾಗಾಗಿ ಸುಮ್ನೆ ಆಸೆಗೆ ಓದಲು ಕೂತೆ.

ಮೂರನೇ ಸಾಲಿನಲ್ಲೇ ನಿಂತೆ. ಮಳೆಗಾಲಕ್ಕೆ ಮೊದಲು "ಪ್ರತಿ ಅಂತ್ಯಕ್ಕೂ" ಔಷಧಿ ತಾಗಬೇಕು ಅಂತ ಇತ್ತು. ಅಂತ್ಯಕ್ಕೆ ಔಷಧಿಯೇ? ಇನ್ನೊಂದು ಸಲ ಓದಿದಾಗ ಹೊಳೆಯಿತು. ಅದು ಕೊನೆ. ಅಡಿಕೆ ಕೊನೆ, ಅಂದರೆ ಕಾಯಿಯ ಗೊಂಚಲು. ಯಾರೋ ಕನ್ನಡದ ಬರಹವನ್ನು ಯಂತ್ರದಿಂದ ಇಂಗ್ಲಿಷಿಗೆ ದಾಟಿಸಿ, ಅಲ್ಲಿಂದ ವಾಪಸ್ ಕನ್ನಡಕ್ಕೆ ತಂದಿದ್ದಾರೆ. ಹೋಗುವಾಗ ಕೊನೆ ಆಗಿದ್ದದ್ದು ಬರುವಾಗ ಅಂತ್ಯ ಆಗಿದೆ. ಕೆಳಗೆ ಒಂದು ಕಡೆ ಕೊಳೆ ರೋಗ "ಕೊಳಕು ರೋಗ" ಆಗಿತ್ತು.

ಆದರೆ ನಡುವಿನ ಎರಡು ಪ್ಯಾರಾಗಳ ಕನ್ನಡ ಬಹಳ ಚೆನ್ನಾಗಿತ್ತು. ತೋಟದಲ್ಲಿ ಓಡಾಡಿದವರ ಮಾತು. ಅಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಆ ಪ್ಯಾರಾಗಳಲ್ಲಿ ಅನುಸ್ವಾರ ಇರಬೇಕಾದ ಕಡೆಯಲ್ಲೆಲ್ಲ ಕನ್ನಡ ಅಂಕಿಯ ಸೊನ್ನೆ ಇತ್ತು. 'ಸಿಂಪಡಣೆ' ಬದಲು 'ಸಿ೦ಪಡಣೆ'. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಎರಡೂ ಬೇರೆ ಬೇರೆ ಅಕ್ಷರ. ಅಚ್ಚಿನ ಪುಟದ ಫೋಟೋ ತೆಗೆದು ಅದರಿಂದ ಅಕ್ಷರ ಹೊರಗೆಳೆದಾಗ ಇಂಥದ್ದು ಆಗುತ್ತದೆ. ಇಂಟರ್‌ನೆಟ್‌ನಲ್ಲಿ ಅದೇ ಸಾಲು ಇದ್ದರೂ 'ಸಿ೦ಪಡಣೆ'ಗೂ 'ಸಿಂಪಡಣೆ'ಗೂ ಹೋಲಿಕೆ ಸಿಗುವುದು ಕಷ್ಟ. ಇನ್ನು ಇಂಟರ್‌ನೆಟ್‌ಗೇ ಬಾರದ ಅಚ್ಚಿನ ಪುಸ್ತಕವಾದರೆ ಸಾಫ್ಟ್‌ವೇರ್‌ಗೆ ಏನು ಗೊತ್ತಾಗಬೇಕು? ಕನ್ನಡದಲ್ಲಿ ಇದು ಸಣ್ಣ ವಿಷಯ ಅಲ್ಲ. ನಮ್ಮ ಒಳ್ಳೆಯ ಬರಹ ಎಷ್ಟೋ ಇನ್ನೂ ಕಪಾಟಿನಲ್ಲೇ ಇದೆ. ಕಂಪ್ಯೂಟರಿಗೆ ಬಂದದ್ದರಲ್ಲೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಉಳಿದದ್ದು ಬಹಳ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಆ ಕಡತಗಳಿಂದ ಅಕ್ಷರ ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಕನ್ನಡ ಬರುವುದಿಲ್ಲ.

ಕದ್ದದ್ದು ಅಂತ ಖಾತ್ರಿಯಾಯಿತು. ಸಿಟ್ಟೂ ಬಂತು. ಆಮೇಲೆ ಬೋರ್ಡೋ ಮಾಡುವ ವಿಧಾನದ ಪ್ಯಾರಾಕ್ಕೆ ಬಂದೆ. ಸಿಟ್ಟು ಹೋಗಿ ಹೆದರಿಕೆ ಆಯಿತು.

ಶೇ. 1ರ ಬೋರ್ಡೋ ದ್ರಾವಣ ಮಾಡುವುದು ಹೀಗೆ. 1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. 1 ಕೆ.ಜಿ. ಸುಣ್ಣವನ್ನು ಬೇರೆ ಪಾತ್ರೆಯಲ್ಲಿ 50 ಲೀಟರ್ ನೀರಿಗೆ ಕಲಸಿ ಸೋಸಬೇಕು. ಪ್ಲಾಸ್ಟಿಕ್ ಡ್ರಮ್ ಆಗಬೇಕು, ಕಬ್ಬಿಣದ್ದು ಕೂಡದು. ಆಮೇಲೆ ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಹಾಕುತ್ತಾ ತಿರುಗಿಸುತ್ತಾ ಇರಬೇಕು. ಲೇಖನದಲ್ಲಿ ಎಲ್ಲ ಸರಿ ಇತ್ತು, ಕಡೆಯದೊಂದು ಉಲ್ಟಾ. ತುತ್ತದ ನೀರಿಗೆ ಸುಣ್ಣದ ನೀರು ಹಾಕಿ ಅಂತ ಇತ್ತು.

ನನಗೇ ಅನುಮಾನ ಬಂತು, ನಾನು ನೆನಪಿಟ್ಟುಕೊಂಡದ್ದೇ ತಪ್ಪಿರಬಹುದು ಅಂತ. ಅಪ್ಪಯ್ಯನಿಗೆ ಫೋನ್ ಮಾಡಿ ಓದಿ ಹೇಳಿದೆ.

"ಯಾರು ಬರೆದದ್ದು ಇದು? ಸುಣ್ಣಕ್ಕೆ ತುತ್ತ ಹಾಕೋದು. ತುತ್ತಕ್ಕೆ ಸುಣ್ಣ ಅಲ್ಲ."

"ಉಲ್ಟಾ ಹಾಕಿದ್ರೆ ಏನಾಗತ್ತೆ ಅಪ್ಪಯ್ಯಾ?"

"ಕಣ ದಪ್ಪ ಆಗ್ತದೆ. ತಳ ಹಿಡೀತದೆ, ನಾಜಲ್ ಕಟ್ತದೆ. ಕಾಯಿಗೆ ಸರಿ ಅಂಟೋದಿಲ್ಲ. ಹೊಡೆದೂ ಹೊಡೀದ ಹಾಗೆ. ಮಳೆ ಹಿಡಿದ ಮೇಲೆ ಕೊಳೆ ಬಂದ್ರೆ ಯಾರು ಮರ ಹತ್ತೋದು?"

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. ಲೇಖನದಲ್ಲಿದ್ದ ಚಾಕುವಿನ ಸಾಲು ಎಲ್ಲೋ ಓದಿದ ಹಾಗಿದೆ ಅಂತ. ದ್ರಾವಣಕ್ಕೆ ಹೊಳೆಯುವ ಚಾಕು ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸೇರಿಸಬೇಕು. ಅದನ್ನು ಹೇಳುವ ಸಾಲು ಅದು. ಮಂಗಳವಾರ ಬೆಳಿಗ್ಗೆ ಫೋಟೋ ಬಂತು. ತೆಳ್ಳಗಿನ ಒಂದು ಕಿರುಹೊತ್ತಿಗೆ, ರಟ್ಟು ಹರಿದಿದೆ. ನಮ್ಮ ಸೀಮೆಯ ಒಬ್ಬ ಹಿರಿಯ ಬೆಳೆಗಾರರು ಬರೆದದ್ದು. ಅವರು ಈಗಿಲ್ಲ. ಚಾಕುವಿನ ಸಾಲು ಅಕ್ಷರಕ್ಕೆ ಅಕ್ಷರ ಅದೇ. ಸುಣ್ಣಕ್ಕೆ ತುತ್ತ ಹಾಕುವ ಸಾಲೂ ಅಲ್ಲಿದೆ, ಸರಿಯಾಗಿಯೇ ಇದೆ.

ಇದು ಕೈಗೆ ಬರುವ ಮೊದಲೇ, ಸೋಮವಾರ ರಾತ್ರಿಯೇ, ಲೇಖನ ಕಳಿಸಿದ ಹುಡುಗನಿಗೆ ಫೋನ್ ಮಾಡಿದ್ದೆ. ದಾವಣಗೆರೆಯವನು. ಒಂದು ದಿನವೂ ತಡ ಮಾಡಿದವನಲ್ಲ, ಮರ್ಯಾದಸ್ಥ. "ಮೇಡಂ, 3 ಪರ್ಸೆಂಟ್ ಅಲ್ವಾ ಬಂದಿರೋದು? 10ರ ಒಳಗೇ ಇದೆಯಲ್ಲ" ಅಂದ. ಅಂತ್ಯದ ಬಗ್ಗೆ ಕೇಳಿದೆ. ತುತ್ತದ ಬಗ್ಗೆ ಕೇಳಿದೆ. ಅವನಿಗೆ ಒಂದೂ ಗೊತ್ತಿಲ್ಲ, ಯಾಕೆಂದರೆ ಅವನು ಅದನ್ನು ಓದಿಯೇ ಇಲ್ಲ. ಕೊನೆಗೆ ಬಾಯಿ ಬಿಟ್ಟ. ಬರೆದದ್ದು ಕೊಪ್ಪದ ಕಡೆಯ ಬಿ.ಎ. ಓದುವ ಒಬ್ಬ ಹುಡುಗಿ. ಅವಳಿಗೆ ಪದಕ್ಕೆ 15 ಪೈಸೆ. 1200 ಪದಕ್ಕೆ 180 ರೂಪಾಯಿ. ಅವಳಿಂದ ಇಸಿದುಕೊಂಡು ನನಗೆ ದಾಟಿಸಿದ್ದಕ್ಕೆ ಅವನಿಗೆ 300 ರೂಪಾಯಿ ಉಳಿಯುತ್ತದೆ. ಇದು ನನಗೆ ಸರಿ ಕಾಣಲಿಲ್ಲ, ಅವನಿಗೆ ಹಾಗೇ ಹೇಳಿದೆ. ಫೋನ್ ಇಟ್ಟ ಮೇಲೆ ನನ್ನ ಲೆಕ್ಕವನ್ನೂ ಮಾಡಿದೆ. ಹಸಿರು ಬಣ್ಣ ನೋಡಿ ಕಂಪನಿಗೆ ದಾಟಿಸಿದ್ದರೆ ನನಗೆ ಉಳಿಯುತ್ತಿದ್ದದ್ದು 360.

ಆಮೇಲೆ ಹುಡುಗಿಗೆ ಫೋನ್ ಮಾಡಿದೆ. ಏನನ್ನೂ ಮುಚ್ಚಿಡಲಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿದ್ದ ಕಿರುಹೊತ್ತಿಗೆ, ಫೋನಿನಲ್ಲಿ ಫೋಟೋ. ಇಂಟರ್‌ನೆಟ್‌ನಲ್ಲಿ ಇರಬಹುದು ಅಂತ ಅನುಮಾನ ಬಂದ ಪ್ಯಾರಾಗಳನ್ನು ಇಂಗ್ಲಿಷಿಗೆ ಹಾಕಿ ವಾಪಸ್ ತಂದಿದ್ದಾಳೆ. ಆಗಲೂ ಹೋಲಿಕೆ ತೋರಿಸಿದ ಸಾಲುಗಳಲ್ಲಿ ಪದಗಳನ್ನು ಹಿಂದುಮುಂದು ಮಾಡಿದ್ದಾಳೆ. ಸುಣ್ಣ, ತುತ್ತ ಜಾಗ ಬದಲಿಸಿಕೊಂಡದ್ದು ಅಲ್ಲೇ.

"ನಿಮ್ಮದೂ ಅಡಿಕೆ ತೋಟ ಅಲ್ವಾ? ಅಜ್ಜ ಬೋರ್ಡೋ ಮಾಡೋದು ನೋಡಿಲ್ವಾ?"

"ನೋಡಿದೀನಿ ಅಕ್ಕಾ."

"ಮತ್ತೆ ಉಲ್ಟಾ ಬರೆದಿದ್ದೀಯಲ್ಲ?"

ಆಗ ಬಂದದ್ದು ಆ ಮಾತು. ಬರೀರಿ ಅಂತ ಯಾರೂ ಹೇಳಿಲ್ಲ ಅಕ್ಕಾ.

ಮಂಗಳವಾರ ಮಧ್ಯಾಹ್ನ ಆ ದಾವಣಗೆರೆ ಹುಡುಗನಿಗೆ ಈ ಒಂದು ವರ್ಷದಲ್ಲಿ ನಾನು ಕಳಿಸಿದ ವಾಟ್ಸಾಪ್ ಮೆಸೇಜುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿದೆ. "ಶೇ. 10ರ ಒಳಗಿರಲಿ." "ಇದು 14 ಬಂದಿದೆ, ಕಡಿಮೆ ಮಾಡಿ." "ಹಳದಿ ತೋರಿಸ್ತಿದೆ, ಸರಿ ಮಾಡಿ ಕಳಿಸಿ." ತೋಟಕ್ಕೆ ಹೋಗಿ ನೋಡಿ ಬನ್ನಿ ಅಂತ ಒಂದು ಮೆಸೇಜೂ ಇಲ್ಲ. ಯಾರನ್ನಾದರೂ ಕೇಳಿ ಬರೆಯಿರಿ ಅಂತಲೂ ಇಲ್ಲ. ಅವಳು ಹೇಳಿದ್ದು ನಿಜ. ಬರೆಯಲು ನಾನು ಹೇಳಿಯೇ ಇರಲಿಲ್ಲ.

ಈ 10 ಅನ್ನುವ ಸಂಖ್ಯೆ ಪಿಎಚ್.ಡಿ. ಮಾಡಿದವರಿಗೆಲ್ಲ ಗೊತ್ತು. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2018ರಲ್ಲಿ ಕೃತಿಚೌರ್ಯದ ಬಗ್ಗೆ, ಅಂದರೆ ಬರಹದ ಕಳವಿನ ಬಗ್ಗೆ, ನಿಯಮ ತಂದಿತು. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40 ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಹೆಸರು ಹೇಳಿ ಉದ್ಧರಿಸಿದ ಮಾತನ್ನು ಆ ಲೆಕ್ಕದಿಂದ ಬಿಡಬೇಕು, ಎಲ್ಲರಿಗೂ ಗೊತ್ತಿರುವ ಮಾತು ಒಂದೇ ಸಮ 14 ಪದದವರೆಗೆ ಬಂದರೂ ಬಿಡಬೇಕು ಅಂತ ಅದರಲ್ಲೇ ಇದೆ. ನಮ್ಮ ಕೈಗೆ ಬರುವ ಹೊತ್ತಿಗೆ ಇದೆಲ್ಲ ಉದುರಿ ಬರೀ 10 ಉಳಿದಿದೆ. ಅಲ್ಲದೆ, ಪದಗಳನ್ನು ಎಣಿಸುವ ಈ ಲೆಕ್ಕ ಕನ್ನಡಕ್ಕೆ ಹೊಂದುವುದೇ ಇಲ್ಲ. 'ಹೊಡೆಸಬೇಕಾಗಿದ್ದವರಿಗೆ' ಅನ್ನುವುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದ ಬೇಕು. 'ಕೊನೆಗೆ' ಅನ್ನುವುದನ್ನು 'ಕೊನೆಗಳಿಗೆ' ಅಂತ ಮಾಡಿದರೆ ಸಾಫ್ಟ್‌ವೇರ್ ಪಾಲಿಗೆ ಬೇರೆ ಪದವೇ ಆಯಿತು. ಪದಕ್ಕಿಷ್ಟು ಅಂತ ದುಡ್ಡು ಕೊಟ್ಟರೆ 'ಮಾಡಿಕೊಂಡು' ಅನ್ನುವುದನ್ನು 'ಮಾಡಿ ಕೊಂಡು' ಅಂತ ಒಡೆದು ಬರೆಯುತ್ತಾರೆ. ನಾನು ಎಷ್ಟೋ ಸಲ ಕೂಡಿಸಿದ್ದೇನೆ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಕಿರುಹೊತ್ತಿಗೆಯನ್ನು ಅವಳು ಇದ್ದ ಹಾಗೇ ನಕಲು ಮಾಡಿ ಕೊಟ್ಟಿದ್ದರೆ ಆಪ್ ಓದಿದ ರೈತನಿಗೆ ಏನೂ ಕೇಡಾಗುತ್ತಿರಲಿಲ್ಲ. ಸರಿಯಾದ ವಿಧಾನ ಸಿಗುತ್ತಿತ್ತು. ಅದನ್ನು ಹಾಳು ಮಾಡಿದ್ದು ನನ್ನ ಷರತ್ತು. ಕಳವನ್ನು ತಡೆಯಲು ಇಟ್ಟ ಬೇಲಿಯೇ ಹೊಲ ಮೇಯ್ದ ಹಾಗಾಯಿತು. ಹಾಗಂತ ನಕಲು ಸರಿ ಅಂತ ಹೇಳುತ್ತಿಲ್ಲ. ಆ ಹಿರಿಯರ ಹೆಸರು ಬರಲೇಬೇಕಿತ್ತು.

ಬೋರ್ಡೋ ಮಾಡುವ ತಿಳಿವಳಿಕೆ ಯಾರೊಬ್ಬರ ಸ್ವತ್ತೂ ಅಲ್ಲ. 1885ರ ಸುಮಾರಿಗೆ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನಮ್ಮ ಕೊಳೆ ರೋಗದ ಬೆನ್ನು ಹತ್ತಿ, ಅಡಿಕೆಗೂ ಇದು ಆಗುತ್ತದೆ ಅಂತ ತೋರಿಸಿದರು. ಅಲ್ಲಿಂದ ಬೆಳೆಗಾರರ ಬಾಯಿಂದ ಬಾಯಿಗೆ ಬಂತು. ನಮ್ಮ ಅಜ್ಜ ಅಪ್ಪಯ್ಯನಿಗೆ ಹೇಳಿದರು, ಅಪ್ಪಯ್ಯ ನನಗೆ. ಇದನ್ನು ಕಳವು ಅಂತ ಯಾರೂ ಅನ್ನುವುದಿಲ್ಲ. ಯಾಕೆಂದರೆ ಪ್ರತಿಯೊಬ್ಬರೂ ಡ್ರಮ್ ಮುಂದೆ ನಿಂತು, ಕೈ ನೀಲಿ ಮಾಡಿಕೊಂಡು, ಆಮೇಲೆ ಮುಂದಿನವರಿಗೆ ಹೇಳಿದ್ದು. ಕೈ ಹಾಕಿದವರ ಬಾಯಲ್ಲಿ ಸುಣ್ಣ, ತುತ್ತ ತಿರುಗಾಮುರುಗಾ ಆಗಲು ಸಾಧ್ಯವೇ ಇಲ್ಲ. ನಮ್ಮ ಸರಪಳಿಯಲ್ಲಿ ಕಂಪನಿಯವರು, ನಾನು, ದಾವಣಗೆರೆಯವನು, ಈ ಹುಡುಗಿ, ನಾಲ್ಕು ಜನ ಇದ್ದೆವು. ಲೇಖನ ನಾಲ್ಕೂ ಕೈ ದಾಟಿ ರೈತನಿಗೆ ಹೋಗುವುದರಲ್ಲಿತ್ತು, ಒಬ್ಬರೂ ಓದದೆ.

ಬುಧವಾರ ಕಂಪನಿಗೆ ಬರೆದೆ. ಕಿರುಹೊತ್ತಿಗೆಯ ಲೇಖಕರ ಹೆಸರು ಲೇಖನದ ಕೆಳಗೆ ಬರಬೇಕು, ಪದದ ಲೆಕ್ಕ ಬಿಟ್ಟು ಲೇಖನಕ್ಕಿಷ್ಟು ಅಂತ ಕೊಡಬೇಕು ಅಂತ. ಆಪ್‌ನಲ್ಲಿ ಹೆಸರು ಹಾಕಲು ಜಾಗ ಇಲ್ಲ ಅಂತ ಉತ್ತರ ಬಂದಿದೆ. ಹಾಗಾದರೆ ಲೇಖನದ ಮೊದಲ ಸಾಲಿನಲ್ಲೇ ಹೆಸರು ತರುತ್ತೇನೆ ಅಂತ ತಿರುಗಿ ಬರೆದಿದ್ದೇನೆ. ದುಡ್ಡಿನ ವಿಷಯಕ್ಕೆ ಇನ್ನೂ ಉತ್ತರ ಇಲ್ಲ. ಈ ಲೇಖನದ ಮಟ್ಟಿಗೆ 840 ರೂಪಾಯಿಯನ್ನೂ ಆ ಹುಡುಗಿಗೇ ಕೊಡುತ್ತೇನೆ.

ಅವಳಿಗೆ ಬುಧವಾರವೇ ಮತ್ತೆ ಫೋನ್ ಮಾಡಿದ್ದೆ. ಸಾಫ್ಟ್‌ವೇರ್ ಮರೆತುಬಿಡು, ಅಜ್ಜ ಈ ವರ್ಷದ ಬೋರ್ಡೋ ಮಾಡುವಾಗ ಪಕ್ಕದಲ್ಲಿ ನಿಂತು ನೋಡು, ನೋಡಿದ್ದನ್ನು ಬರೆ ಅಂದೆ. ಶನಿವಾರ ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ನೀರಿನ ಸದ್ದು, ಯಾರೋ ಕೆಮ್ಮುವುದು, ನಾಯಿ ಬೊಗಳುವುದು.

"ಅಕ್ಕಾ, ಸುಣ್ಣ ಸೋಸೋಕೆ ಅಜ್ಜ ಹಳೇ ಪಂಚೆ ಕಟ್ಟಿದ್ದಾರೆ, ಎರಡು ಮಡಿಕೆ ಮಾಡಿ. ಒಂದೇ ಮಡಿಕೆ ಆದ್ರೆ ಕಲ್ಲು ಇಳಿದು ನಾಜಲ್ ಕಟ್ಟತ್ತಂತೆ. ಇದು ಪುಸ್ತಕದಲ್ಲಿ ಇಲ್ಲ. ಇದನ್ನೂ ಬರೀಲಾ?"

ಬರಿ ಅಂದೆ.