ಪ್ಯಾನೆಲ್ ಎಣಿಸುವ ಮೊದಲು ಮಾಳಿಗೆಯ ಕೆಳಗೆ ನಿಂತು ನೋಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಸೋಲಾರ್ ಸರ್ವೆಗೆ ಹೋದವರು ಸೀದಾ ಮಾಳಿಗೆ ಹತ್ತಿ ಟೇಪ್ ಬಿಚ್ಚುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ. ಮೊದಲು ಮೇಲಿನ ಅಂತಸ್ತಿನ ಕೋಣೆಯೊಳಗೆ ನಿಂತು ತಲೆಯೆತ್ತಿ ನೋಡಬೇಕು. ಆರ್‌ಸಿಸಿ ಸ್ಲ್ಯಾಬೋ, ಕಬ್ಬಿಣದ ಗಾರ್ಡರ್ ಮೇಲೆ ಹಾಸಿದ ಶಹಾಬಾದ್ ಫರಸಿಕಲ್ಲೋ, ತೊಲೆ-ಜಂತಿಯ ಮೇಲಿನ ಮಣ್ಣಿನ ಮಾಳಿಗೆಯೋ? ಮೇಲೆ ಸಿಮೆಂಟ್ ಗಿಲಾವು ಮಾಡಿಸಿದ್ದರೆ ಮೂರೂ ಒಂದೇ ಥರ ಕಾಣುತ್ತವೆ. ಮನೆಯವರನ್ನು ಕೇಳಿದರೆ 'ಗಟ್ಟಿ ಐತ್ರಿ' ಅನ್ನುತ್ತಾರೆ. ಜೋಳದ ಚೀಲ ಹೊರುವ ಮಟ್ಟಿಗೆ ಅದು ನಿಜವೇ. ಆದರೆ ಪ್ಯಾನೆಲ್‌ನ ತೊಂದರೆ ಭಾರದ್ದಲ್ಲ, ಗಾಳಿಯದ್ದು.

ಲೆಕ್ಕ ನೋಡಿ. ಈಗ ಹೆಚ್ಚಾಗಿ ಬರುವ 545 ವ್ಯಾಟ್ ಪ್ಯಾನೆಲ್ 2278 ಮಿಮೀ ಉದ್ದ, 1134 ಮಿಮೀ ಅಗಲ; ತೂಕ ಸುಮಾರು 28 ಕಿಲೋ. ಚದರ ಮೀಟರಿಗೆ 11 ಕಿಲೋ ಬೀಳುತ್ತದೆ. ಪ್ಯಾನೆಲ್ ಕೂರಿಸುವ ಕಬ್ಬಿಣದ ಸ್ಟ್ರಕ್ಚರ್ ಸೇರಿಸಿದರೂ 20 ದಾಟುವುದಿಲ್ಲ. ಇನ್ನು ಗಾಳಿ. ಕಟ್ಟಡದ ಮೇಲಿನ ಹೊರೆಗಳ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದ ಪ್ರಕಾರ ಗಾಳಿಯ ಒತ್ತಡ ಅಂದರೆ ವೇಗದ ವರ್ಗದ 0.6 ಪಟ್ಟು. ವೇಗ ಸೆಕೆಂಡಿಗೆ 39 ಮೀಟರ್ ಅಂತ ಇಟ್ಟುಕೊಂಡರೆ ಚದರ ಮೀಟರಿಗೆ 900 ನ್ಯೂಟನ್‌ಗೂ ಹೆಚ್ಚು, ಅಂದರೆ 93 ಕಿಲೋ. ಈ ಒತ್ತಡದಲ್ಲಿ ಮೇಲೆತ್ತುವ ಪಾಲು ಎಷ್ಟೆಂದು ಹೇಳುವ ಗುಣಾಂಕ ಒಂದು ಅಂತ ಒರಟಾಗಿ ಹಿಡಿದರೆ ಒಂದೊಂದು ಪ್ಯಾನೆಲನ್ನು ಗಾಳಿ 235-240 ಕಿಲೋ ಬಲದಿಂದ ಮೇಲೆತ್ತುತ್ತದೆ. ಆರು ಪ್ಯಾನೆಲ್‌ಗೆ 1,400 ಕಿಲೋ. ಪ್ಯಾನೆಲ್ ಮತ್ತು ಕಬ್ಬಿಣದ ಸ್ವಂತ ತೂಕ ಕಳೆದರೂ 1,100 ಕಿಲೋ ಉಳಿಯುತ್ತದೆ. ಒಂದಡಿ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ಪೆಡೆಸ್ಟಲ್ (ಕಾಲಿನ ಬುಡದ ದಿಮ್ಮಿ) 65-68 ಕಿಲೋ. ಹತ್ತು ಕಾಲಿಗೆ ಹತ್ತು ಪೆಡೆಸ್ಟಲ್ ಕಟ್ಟಿದರೆ ಸುಮಾರು 650 ಕಿಲೋ ಆಯಿತು. ಉಳಿದದ್ದನ್ನು ಹಿಡಿಯಬೇಕಾದದ್ದು ಸ್ಲ್ಯಾಬಿನೊಳಕ್ಕೆ ಇಳಿದ ಆಂಕರ್ ಬೋಲ್ಟ್. ಕಾಲಿನ ಬುಡಕ್ಕೆ ನಾಲ್ಕು ಇಟ್ಟಿಗೆ ಪೇರಿಸಿ ಸಿಮೆಂಟ್ ಮೆತ್ತಿದವರು ಏಪ್ರಿಲ್-ಮೇ ತಿಂಗಳ ಸಂಜೆಯ ಬಿರುಗಾಳಿಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಆರ್‌ಸಿಸಿ ಆದರೆ ಸುಲಭ. ಸ್ಲ್ಯಾಬ್ ನಾಲ್ಕೈದು ಇಂಚು ಇರುತ್ತದೆ; 80 ಮಿಮೀಗಿಂತ ಆಳ ಕೊರೆಯದೆ, ತೂತಿನ ಪುಡಿಯನ್ನು ಊದಿ ತೆಗೆದು, ಕೆಮಿಕಲ್ ಆಂಕರ್ (ಅಂಟಿನಿಂದ ಹಿಡಿಯುವ ಬೋಲ್ಟ್) ಹಾಕಿ, ಅದರ ಸುತ್ತ ಪೆಡೆಸ್ಟಲ್ ಎರಕ ಹೊಯ್ಯಬೇಕು. ಪುಡಿ ಊದದೆ ಬಿಟ್ಟರೆ ಅಂಟು ಕಾಂಕ್ರೀಟನ್ನು ಹಿಡಿಯುವುದಿಲ್ಲ, ಬರೀ ಧೂಳನ್ನು ಹಿಡಿಯುತ್ತದೆ. ಪೆಡೆಸ್ಟಲ್ ಮಳೆನೀರು ಹೊರಹೋಗುವ ಇಳಿಜಾರಿಗೆ ಅಡ್ಡ ಬಂದರೆ ಮೊದಲ ಮಳೆಗಾಲದಲ್ಲೇ ಸೋರಿಕೆ ಶುರು.

ಫರಸಿ ಮಾಳಿಗೆಗೆ ಈ ಯಾವುದೂ ನಡೆಯುವುದಿಲ್ಲ. ಶಹಾಬಾದ್ ಕಲ್ಲು ಪದರುಪದರಾದ ಸುಣ್ಣಕಲ್ಲು. ಹ್ಯಾಮರ್ ಡ್ರಿಲ್ ಇಟ್ಟರೆ ಪದರಿನಗುಂಟ ಸೀಳುತ್ತದೆ. ಕೆಲವೊಮ್ಮೆ ಸೀಳು ಆ ಹೊತ್ತಿಗೆ ಕಾಣುವುದಿಲ್ಲ, ಮಳೆಗಾಲದಲ್ಲಿ ಕೆಳಗೆ ಕಪ್ಪು ಕಲೆಯಾಗಿ ತೋರುತ್ತದೆ. ಇಲ್ಲಿ ದಾರಿ ಒಂದೇ: ಗೋಡೆಯಿಂದ ಗೋಡೆಗೆ ಕಬ್ಬಿಣ. ಹತ್ತು-ಹನ್ನೆರಡು ಅಡಿ ಕೋಣೆಗೆ ಐಎಸ್‌ಎಂಸಿ 100 (100 ಮಿಮೀ ಎತ್ತರದ ಕಬ್ಬಿಣದ) ಚಾನೆಲ್ ಎಳೆದು, ಫರಸಿಗೆ ತಾಗದ ಹಾಗೆ ಎತ್ತರಿಸಿ, ಎರಡೂ ತುದಿಯನ್ನು ಗೋಡೆಯ ನೆತ್ತಿಯ ಮೇಲೆ ಕೂರಿಸುವುದು. ಹಳೆಯ ಕಲ್ಲು-ಮಣ್ಣಿನ ಗೋಡೆಯಾದರೆ ಅದರಲ್ಲಿ ಬೋಲ್ಟ್ ನಿಲ್ಲುವುದಿಲ್ಲ, ಕೈಯಲ್ಲಿ ಎಳೆದರೂ ಬರುತ್ತದೆ. ಗೋಡೆಯ ಮೇಲೆ ಉದ್ದಕ್ಕೂ ಆರ್‌ಸಿಸಿ ಬ್ಯಾಂಡ್ ಹೊಯ್ದು, ಬೋಲ್ಟನ್ನು ಎರಕದಲ್ಲೇ ಕೂರಿಸಬೇಕು. ಖರ್ಚು ಹೆಚ್ಚು, ಇಂಜಿನಿಯರ್ ಒಬ್ಬರು ಒಮ್ಮೆ ನೋಡಲೇಬೇಕು. ಮಣ್ಣಿನ ಮಾಳಿಗೆಗೆ ನಾವು ಬೇಡ ಅಂತಲೇ ಹೇಳುತ್ತೇವೆ; ಅಂಗಳದಲ್ಲೋ ದನದ ಕೊಟ್ಟಿಗೆಯ ಪಕ್ಕದಲ್ಲೋ ಪ್ರತ್ಯೇಕ ಕಂಬ ನೆಟ್ಟು ಮಾಡುವುದು ಲೇಸು.

ಪ್ಯಾನೆಲ್‌ನ ವಾಲು ಎಷ್ಟು? ಕಲಬುರಗಿ 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದಕ್ಷಿಣಕ್ಕೆ 15 ಡಿಗ್ರಿ ಸಾಕು. ಬೀದರ್ ಪಟ್ಟಣ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಅಂಚಿನ ಮನೆಗಳಿಗೆ ಗಾಳಿ ತಡೆಯಿಲ್ಲದೆ ಬಡಿಯುತ್ತದೆ. ಅಲ್ಲಿ 10 ಡಿಗ್ರಿಗೆ ಇಳಿಸುವುದು ಜಾಣತನ. ವರ್ಷದ ಉತ್ಪಾದನೆಯಲ್ಲಿ ಹೋಗುವುದು ಶೇಕಡಾ ಒಂದರ ಆಸುಪಾಸು, ಗಾಳಿಯ ಹೊರೆಯಲ್ಲಿ ಉಳಿಯುವುದು ಅದಕ್ಕಿಂತ ಹೆಚ್ಚು. ಹತ್ತಕ್ಕಿಂತ ಕೆಳಗೆ ಬೇಡ, ಮಳೆನೀರು ಧೂಳನ್ನು ತೊಳೆದುಕೊಂಡು ಹೋಗದೆ ಕೆಳಗಿನ ಫ್ರೇಮಿನಲ್ಲಿ ಕೆಸರಾಗಿ ನಿಲ್ಲುತ್ತದೆ.

ನೆರಳಿನ ವಿಷಯದಲ್ಲಿ ಗಡಿಯಾರವನ್ನು ನಂಬಬೇಡಿ. ಕಲಬುರಗಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 23 ನಿಮಿಷಕ್ಕೆ. ಡಿಸೆಂಬರ್ ಕೊನೆಯಲ್ಲಿ, ನೆತ್ತಿಗಿಂತ ಮೂರು ಗಂಟೆ ಮೊದಲು, ಸೂರ್ಯ 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಅಡ್ಡ ಬಂದ ವಸ್ತುವಿನ ಎತ್ತರದ 1.15 ಪಟ್ಟು ನೆರಳು ಉತ್ತರಕ್ಕೆ ಚಾಚುತ್ತದೆ. 15 ಡಿಗ್ರಿ ವಾಲಿಸಿದ ಪ್ಯಾನೆಲ್‌ನ ಹಿಂಬದಿ ಮುಂಬದಿಗಿಂತ 59 ಸೆಂಮೀ ಎತ್ತರ. ಹಾಗಾಗಿ ಎರಡು ಸಾಲಿನ ನಡುವೆ ಕನಿಷ್ಠ 70 ಸೆಂಮೀ ಬಿಡಬೇಕು. ಮೂರು ಮೂರರ ಎರಡು ಸಾಲಿಗೆ 3.5 ಮೀಟರ್ ಅಗಲ, 5.1 ಮೀಟರ್ ಆಳ ಬೇಕು. ಓಡಾಡುವ ಜಾಗ ಬೇರೆ.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. 'ಮೆಟ್ಟಿಲ ಕೋಣೆ ಉತ್ತರಕ್ಕಿದೆ, ನೆರಳಿನ ಚಿಂತೆಯಿಲ್ಲ' ಅಂತ ಅದಕ್ಕೆ ಅಂಟಿಸಿ ಪ್ಯಾನೆಲ್ ಇಡುತ್ತಾರೆ. ನಮ್ಮ ಭಾಗದಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್‌ನಲ್ಲಿ ಬೆಳಗ್ಗೆ ಎಂಟೂವರೆಗೆ 2.4 ಮೀಟರ್ ಎತ್ತರದ ಕೋಣೆಯ ನೆರಳು ದಕ್ಷಿಣಕ್ಕೆ ಒಂದು ಮೀಟರ್ ಬರುತ್ತದೆ, ಸಂಜೆಯೂ ಹಾಗೆಯೇ. ಆ ಒಂದು ಮೀಟರ್ ಬಿಟ್ಟರೆ ಸಾಕು.

ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಸರಣಿ) ಲೆಕ್ಕದಲ್ಲಿ ಬೀದರಿನ ಚಳಿ ಒಂದು ಕಡೆ ಕಾಡುತ್ತದೆ, ಕಲಬುರಗಿಯ ಬಿಸಿಲು ಇನ್ನೊಂದು ಕಡೆ. ಮೇಲೆ ಹೇಳಿದ ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನನ್ನೂ ಜೋಡಿಸದಾಗಿನ ವೋಲ್ಟೇಜ್) 49.6 ಅಂತ ಹಿಡಿಯಿರಿ. 600 ವೋಲ್ಟ್ ಮಿತಿಯ ಇನ್ವರ್ಟರ್‌ಗೆ 12 ಪ್ಯಾನೆಲ್ ಸಾಲಾಗಿ ಜೋಡಿಸಿದರೆ 595 ವೋಲ್ಟ್, ಕಾಗದದಲ್ಲಿ ಸರಿ. ಆದರೆ ಆ ಅಂಕಿ 25 ಡಿಗ್ರಿಯದ್ದು. ತಾಪ ಒಂದು ಡಿಗ್ರಿ ಇಳಿದರೆ ವೋಲ್ಟೇಜ್ ಶೇ. 0.27 ಏರುತ್ತದೆ. ಜನವರಿಯ ಬೀದರ್ ಮುಂಜಾವಿಗೆ 5 ಡಿಗ್ರಿ ಅಂತ ಡಿಸೈನ್ ಮಾಡಿದರೆ ಒಂದು ಪ್ಯಾನೆಲ್ 52.3 ವೋಲ್ಟ್, ಹನ್ನೆರಡಕ್ಕೆ 627. ಸೂರ್ಯ ಮೂಡಿದ ಕೂಡಲೇ ಇನ್ವರ್ಟರ್ ಒಳಗಿನ ಕೆಪಾಸಿಟರ್ ಹೋಗಬಹುದು, ಮಿತಿ ಮೀರಿದ್ದಕ್ಕೆ ವಾರಂಟಿಯೂ ಸಿಗುವುದಿಲ್ಲ. ಹನ್ನೊಂದಕ್ಕೆ ನಿಲ್ಲಿಸಿ.

ಬಿಸಿಲಿನದ್ದು ತಿರುಗಾಮುರುಗಾ. ಮೇ ಮಧ್ಯಾಹ್ನ ಸೆಲ್ 70 ಡಿಗ್ರಿ ಮುಟ್ಟಿದರೆ ಶೇ. 16ರಷ್ಟು ಶಕ್ತಿ ಅಲ್ಲೇ ಹೋಯಿತು. ಹತ್ತು ಪ್ಯಾನೆಲನ್ನು ಐದೈದರ ಎರಡು ಸ್ಟ್ರಿಂಗ್ ಮಾಡಿ ಮೂರು ಫೇಸ್ ಇನ್ವರ್ಟರ್‌ಗೆ ಕೊಟ್ಟರೆ ಕೆಲಸದ ವೋಲ್ಟೇಜ್ 176ಕ್ಕೆ ಬೀಳುತ್ತದೆ. ಎಂಪಿಪಿಟಿಯ (ಹೆಚ್ಚು ಶಕ್ತಿ ಸಿಗುವ ಬಿಂದು ಹುಡುಕುವ ಇನ್ವರ್ಟರ್ ಭಾಗ) ಕೆಳಮಿತಿ 200 ವೋಲ್ಟ್ ಇದ್ದರೆ ಇನ್ವರ್ಟರ್ ಸರಿಯಾದ ಬಿಂದು ಹಿಡಿಯುವುದಿಲ್ಲ. ಮಧ್ಯಾಹ್ನವೇ ಯೂನಿಟ್ ಕಮ್ಮಿ ಅಂತ ದೂರು ಬಂದಾಗ ಎಲ್ಲರೂ ಪ್ಯಾನೆಲ್ ತೊಳೆಯಲು ಹೋಗುತ್ತಾರೆ. ಹತ್ತನ್ನೂ ಒಂದೇ ಸ್ಟ್ರಿಂಗ್ ಮಾಡಿದ್ದರೆ ಚಳಿಯಲ್ಲಿ 523, ಬಿಸಿಲಲ್ಲಿ 352. 1000 ವೋಲ್ಟ್ ಮಿತಿಯ ಯಂತ್ರಕ್ಕೆ ಎರಡೂ ಆರಾಮ.

ಅರ್ಥಿಂಗ್ ವಿಷಯಕ್ಕೆ ಬಂದರೆ ಮೂರು ಜಿಲ್ಲೆಯ ನೆಲ ಮೂರು ಥರ. ಕಲಬುರಗಿಯ ಎರೆಭೂಮಿ ಹಸಿಯಿದ್ದಾಗ ಮೀಟರ್ ಚೆಂದದ ಓಂ ತೋರಿಸುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಬಿರುಕು ಬಿಟ್ಟು ರಾಡ್‌ನಿಂದ ದೂರ ಸರಿಯುತ್ತದೆ. ಬೆರಳು ತೂರುವಷ್ಟು ಸಂದಿಯಾದರೆ ರಾಡ್ ಗಾಳಿಯಲ್ಲಿ ನಿಂತಂತೆಯೇ. ಅಗಲದ ಕುಣಿ ತೆಗೆದು ಬೆಂಟೊನೈಟ್ (ತೇವ ಹಿಡಿಯುವ ಜೇಡಿ) ಪುಡಿಯ ಮಿಶ್ರಣ ತುಂಬಬೇಕು, ಅಳತೆ ಮೇ ತಿಂಗಳಲ್ಲಿ ಇನ್ನೊಮ್ಮೆ ತೆಗೆಯಬೇಕು. ಬೀದರಿನ ಜಂಬಿಟ್ಟಿಗೆ ಕಲ್ಲಿನಲ್ಲಿ ರಾಡ್ ಬಡಿದು ಇಳಿಸಲು ಆಗುವುದಿಲ್ಲ, ಮೂರು ಮೀಟರ್ ಬೋರ್ ಹಾಕಿಸಿ. ಯಾದಗಿರಿಯಲ್ಲಿ ಎರಡು ಅಡಿಗೇ ಕಗ್ಗಲ್ಲು ಸಿಕ್ಕರೆ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪಟ್ಟಿಯನ್ನು ತೋಡಿದ ಕಾಲುವೆಯಲ್ಲಿ ಅಡ್ಡಲಾಗಿ ಹೂಳಿ. ಡಿಸಿ, ಎಸಿ, ಸಿಡಿಲುರಾಡ್ ಮೂರಕ್ಕೂ ಬೇರೆ ಬೇರೆ ಕುಣಿ, ನಡುವೆ ಮೂರು ಮೀಟರ್.

ಧೂಳಿಗೂ ಕ್ಯಾಲೆಂಡರ್ ಇದೆ. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿಯ ಹೊಟ್ಟು. ಸೇಡಂ, ವಾಡಿ ಕಡೆ ಸಿಮೆಂಟ್ ಪುಡಿ. ಇಬ್ಬನಿ ಬಿದ್ದರೆ ಗಾಜಿನ ಮೇಲೆ ಗಚ್ಚಿನ ಹಾಗೆ ಹತ್ತಿಕೊಳ್ಳುತ್ತದೆ. ಅದನ್ನು ಒಣಗಿದ್ದಾಗಲೇ ಮೃದು ಕುಂಚದಲ್ಲಿ ಸರಿಸಿ, ಆಮೇಲೆ ನೀರು ಹಾಕಿ. ಬೋರ್‌ವೆಲ್ಲಿನ ಗಡಸು ನೀರು ಬಿಳಿ ಚುಕ್ಕೆ ಉಳಿಸುತ್ತದೆ, ತೊಳೆದ ಕೂಡಲೇ ಒರೆಸಬೇಕು. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಎರಚಬೇಡಿ.

ದುಡ್ಡಿನ ಲೆಕ್ಕ ಚಿಕ್ಕದು. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ, ಅದರ ಮೇಲೆ ಎಷ್ಟು ಹಾಕಿದರೂ ಅಷ್ಟೇ; ಸೆಲ್ ಸಮೇತ ಭಾರತದಲ್ಲೇ ಆದ ಪ್ಯಾನೆಲ್ ಇರಬೇಕು. ಗೃಹಜ್ಯೋತಿಯಲ್ಲಿ ಈಗಾಗಲೇ ಶೂನ್ಯ ಬಿಲ್ ಬರುತ್ತಿರುವ ಮನೆಯವರು ಮೊದಲು ಬಿಲ್ ಎದುರಿಗಿಟ್ಟುಕೊಂಡು ಕೂರಲಿ. ಹಳ್ಳಿಯಾದರೆ ಹಗಲು ಎಷ್ಟು ತಾಸು ಕರೆಂಟ್ ಇರುತ್ತದೆ ಅಂತ ಕೇಳಿಕೊಳ್ಳಿ. ಬ್ಯಾಟರಿಯಿಲ್ಲದ ಆನ್-ಗ್ರಿಡ್ ಇನ್ವರ್ಟರ್ ಲೈನ್ ಹೋದರೆ ತಾನೂ ಆರಿಹೋಗುತ್ತದೆ. ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಅನ್ನುವ ಅಂದಾಜು ಲೈನ್ ಇದ್ದರೆ ಮಾತ್ರ.

ಎಲ್ಲ ಜೋಡಿಸಿದ ಮೇಲೆ ವಿದ್ಯುತ್ ಕಂಪನಿ ಜೆಸ್ಕಾಂನವರು ಮೀಟರ್ ಬದಲಿಸುವ ತನಕ ಇನ್ವರ್ಟರ್ ಆಫ್ ಇರಲಿ. 'ಸುಮ್ನೆ ಒಂದ್ಸಲ ಹಚ್ಚಿ ನೋಡ್ರಿ' ಅಂತ ಮನೆಯವರು ಒತ್ತಾಯ ಮಾಡುತ್ತಾರೆ. ಹಳೆಯ ಡಿಜಿಟಲ್ ಮೀಟರ್‌ಗಳಲ್ಲಿ ಕೆಲವು ಹೊರಗೆ ಹೋದ ಯೂನಿಟ್ಟನ್ನೂ ಬಳಸಿದ್ದು ಅಂತಲೇ ಎಣಿಸುತ್ತವೆ. ಡಿಸಿ ಐಸೊಲೇಟರ್ (ಪ್ಯಾನೆಲ್ ಸಂಪರ್ಕ ಕಡಿಯುವ ಸ್ವಿಚ್) ಇಳಿಸಿ, ಅದಕ್ಕೊಂದು ಬೀಗ ಹಾಕಿ, ಕೀಲಿ ನಿಮ್ಮ ಬಳಿ ಇಟ್ಟುಕೊಳ್ಳಿ.